ಹೊಟ್ಟೆ ಬಂದ ಗೋಡೆ

ಡಾಕ್ಟರ್ ದೇಚಮ್ಮ ಬೆಳಕಿನ ಸೀಳೊಂದನ್ನು
ನನ್ನ ಎಡಗಣ್ಣಿನ ಮೇಲೆ ಅಡ್ಡಡ್ಡ ಎಳೆದು
ಬಹಳ ಹೊತ್ತು ಸುಮ್ಮನಿದ್ದರು.
ಆಮೇಲೆ ಕುರ್ಚಿ ಹಿಂದೆ ಸರಿಸಿ,
'ಗೋಡೆ ತೆಳ್ಳಗಾಗಿದೆ' ಅಂದರು,
'ಒಳಗಿನ ಒತ್ತಡಕ್ಕೆ ಹೊರಗೆ ಉಬ್ಬಿದೆ.
ಆ ನೀಲಿ ಕಾಣ್ತದಲ್ಲ, ಅದು ಒಳಗಿನ ಪದರ.'

ನಾನು ನಕ್ಕೆ.
ಮೂವತ್ತೊಂದು ವರ್ಷ ಮಡಿಕೇರಿಯ ಬರೆಗಳಿಗೆ
ಕಲ್ಲು ಕಟ್ಟಿದವನಿಗೆ
ಇದನ್ನು ಚೀಟಿಯಲ್ಲಿ ಬರೆದುಕೊಡಬೇಕೆ?
ನಾವು ಇದಕ್ಕೆ ಹೊಟ್ಟೆ ಬರೋದು ಅಂತೇವೆ, ಡಾಕ್ಟ್ರೆ.
ಗೋಡೆಗೆ ಹೊಟ್ಟೆ ಬಂತೆಂದರೆ
ಹೆರಿಗೆಯ ದಿನ ಯಾವ ಮೇಸ್ತ್ರಿಯೂ ಹೇಳಲಾರ.

ಸ್ಟ್ಯಾಫಿಲೋಮ. ದ್ರಾಕ್ಷಿ ಅಂತ ಅರ್ಥವಂತೆ.
ದ್ರಾಕ್ಷಿ ನಮ್ಮ ಕಡೆ ಎಲ್ಲಿ ಬೆಳೀತದೆ?
ನೇರಳೆ ಅನ್ನಿ.
ಗಣಪತಿ ಬೀದಿಯ ಮಕ್ಕಳು ಎಂದೋ ಹೆಸರಿಟ್ಟಾಗಿದೆ:
ನೇರಳೆಕಣ್ಣ ಬಂದ, ಓಡ್ರೋ, ನೇರಳೆಕಣ್ಣ.

ಚಕ್ಕೆ ಹಾರಿದ್ದು ನನ್ನ ಇಪ್ಪತ್ತಮೂರರಲ್ಲಿ,
ಗಾಳಿಬೀಡು ರಸ್ತೆಯ ಒಂದು ತಿರುವಿನಲ್ಲಿ,
ಉಗುರಿನ ತುದಿಯಷ್ಟೂ ಇರಲಿಲ್ಲ.
ಪಕ್ಕದ ಮನೆಯ ಬಾಣಂತಿ ಜಾನು
ಕಣ್ಣಿಗೆ ತಂಪೆಂದು ಎದೆಹಾಲು ಎರಡು ಹನಿ ಹಿಂಡಿದಳು.
ಅವಳ ಮಗು ಅಳುತ್ತಿತ್ತು. ನಾನೂ.
ಕಣ್ಣಲ್ಲಿ ಬಿಳಿ ಹೂ ಬಿತ್ತು.
ಹೂ ಬಿದ್ದಲ್ಲಿ ಸವೆಯತೊಡಗಿತು,
ವರ್ಷಕ್ಕೊಂದು ಕೂದಲೆಳೆಯಷ್ಟು,
ಯಾರಿಗೂ ಕೇಳಿಸದ ಹಾಗೆ.

ಕೆಲಸಕ್ಕೇನೂ ತೊಂದರೆಯಾಗಲಿಲ್ಲ.
ತೂಗುಗುಂಡು ಇಳಿಬಿಟ್ಟು ನೇರ ನೋಡುವಾಗ
ಎಲ್ಲ ಮೇಸ್ತ್ರಿಗಳೂ ಒಂದು ಕಣ್ಣು ಮುಚ್ಚುತ್ತಾರೆ.
ನನಗೆ ಆ ಒಂದು ಶ್ರಮ ಉಳಿಯಿತು.

ಜಯಾನಂದಣ್ಣ ಮಾತ್ರ, ಹೋಂಸ್ಟೇ ಒಕ್ಕಲಿನ ದಿನ,
ಭುಜ ಹಿಡಿದು ಮೆಲ್ಲಗೆ ಅಂದ:
'ತಪ್ಪು ತಿಳೀಬೇಡ ಮೇಸ್ತ್ರಿ, ಊಟ ಹಿಂದುಗಡೆ ಹಾಕಿಸ್ತೇನೆ.
ಹೆಂಗಸರು ಏನೇನೋ ಅಂತಾರೆ, ದೃಷ್ಟಿ ಗಿಷ್ಟಿ.'
ಅವನ ಮುಂಬಾಗಿಲಿಗೆ ಬೂದುಗುಂಬಳ ತೂಗುತ್ತಿತ್ತು,
ಪೇಂಟಿನಲ್ಲಿ ಬರೆದ ಎರಡು ಕಣ್ಣು,
ಗುಡ್ಡೆ ಹೊರಗೆ ಬಿದ್ದಂಥವು.
ನಾವು ಒಬ್ಬರನ್ನೊಬ್ಬರು ನೋಡಿಕೊಂಡೆವು.
ಅದಕ್ಕೆ ಬಾಗಿಲು, ನನಗೆ ಹಿತ್ತಲು.
ಪಾಯಸ ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಅವನ ಮನೆ ಹಿಂದಿನ ಬರೆಗೆ ನಾನು ಕಟ್ಟಿದ್ದು
ಹನ್ನೆರಡು ಅಡಿ. ಮಾರಿಗೊಂದು ಕಂಡಿ ಬಿಟ್ಟಿದ್ದೆ,
ಮಣ್ಣು ಕುಡಿದ ನೀರು ಅಳಲಿಕ್ಕೆ.
ಕೆಂಪು ನೀರು ಬಣ್ಣ ಕೆಡಿಸ್ತದೆಂದು
ಆತ ಎಲ್ಲಕ್ಕೂ ಸಿಮೆಂಟು ಮೆತ್ತಿಸಿದ.
ಬೆಟ್ಟಗಳು ಜಾರಿದ ಆ ಆಗಸ್ಟಿನಲ್ಲಿ
ಮೂರು ರಾತ್ರಿ ಟಾರ್ಚು ಹಿಡಿದು ಕೂತ,
ಬಿಸಿಲು ಬಂದಮೇಲೆ ಮರೆತ.

'ಹನಿ ಹಾಕಿ, ಒತ್ತಡ ಇಳೀಲಿ' ಅಂದರು ದೇಚಮ್ಮ.
'ಭಾರ ಎತ್ತಬೇಡಿ. ಬಗ್ಗಬೇಡಿ.'
ಕಲ್ಲಿನವನಿಗೆ!
'ಇಳಿಯದಿದ್ದರೆ ತೆಗೆಯಬೇಕಾದೀತು.
ಚಿಪ್ಪಿನಂಥದ್ದು ಕೂರಿಸ್ತೇವೆ, ಯಾರಿಗೂ ಗೊತ್ತಾಗಲ್ಲ.'
ಎಷ್ಟಾಗ್ತದೆ ಅಂತ ಕೇಳಿದೆ.
ಹೆಚ್ಚೇನಲ್ಲ ಅಂದರು.
ಯಾರಿಗೆ ಅಂತ ಕೇಳಲಿಲ್ಲ.

ಮೊನ್ನೆ ಜಯಾನಂದಣ್ಣನ ಫೋನು:
'ಗೋಡೆ ಒಂಚೂರು ಮುಂದೆ ಬಂದ ಹಾಗಿದೆ,
ಬಂದು ನೋಡು ಮಾರಾಯ.'
ನೋಡು ಅಂದ. ನನಗೆ ಅಂದ.
ಈ ಸಲ ಮುಂಬಾಗಿಲಿನಿಂದಲೇ ಒಳಗೆ ಕರೆದ.

ಕಣ್ಣು ಬೇಕಾಗಲಿಲ್ಲ, ಅಂಗೈ ಇಟ್ಟೆ.
ಕಲ್ಲಿನ ಆಚೆ ಒದ್ದೆ ಜೇಡಿ
ಬಾಗಿಲಿಗೆ ಒರಗಿ ನಿಂತ ಎಮ್ಮೆಯ ಹಾಗೆ.
ಬಿರುಕಿಗೆ ಅಡ್ಡವಾಗಿ ಗಾಜಿನ ಚೂರೊಂದನ್ನು ಅಂಟಿಸಿ
ಪೆನ್ಸಿಲಿನಲ್ಲಿ ತಾರೀಕು ಬರೆದೆ.
'ಇದು ಒಡೆದರೆ ಅದೇ ರಾತ್ರಿ ಕೆಳಗಿನ ಕೋಣೆ ಖಾಲಿ ಮಾಡಿ.
ಕಂಡಿ ಈಗಲೇ ತೆರೀಲಾ?'
'ಟೂರಿಸ್ಟ್ ಇದ್ದಾರೆ, ಭಾನುವಾರ ಕಳೀಲಿ.'

ಬಸ್ಸಿಗೆ ಕಾಯುತ್ತ ತಲೆ ಹಿಂದಕ್ಕೆ ಬಾಗಿಸಿ
ಬಾಟಲಿ ಹಿಂಡಿದೆ.
ಒಂದು ಹನಿ ಒಳಗೆ ಹೋಯಿತು,
ಎರಡನೆಯದು ಕೆನ್ನೆಗೆ. ಒರೆಸಲಿಲ್ಲ.

ಇವತ್ತು ಬುಧವಾರ.
ಗಾಜು ಹಾಗೇ ಇದೆಯಂತೆ.